ಯುಕುಲೆಲೆ ಕೊಳ್ಳುವಾಗ ಝೀರೋ ಫ್ರೆಟ್ ಇರಬೇಕಾ, ಮಾಮೂಲಿ ನಟ್ ಸಾಕಾ?

ಪ್ರಶ್ನೆ

ಮಗಳಿಗೆ ಕಾನ್ಸರ್ಟ್ ಸೈಜಿನ (ಸೊಪ್ರಾನೊಗಿಂತ ದೊಡ್ಡದು, ಟೆನರ್‌ಗಿಂತ ಚಿಕ್ಕದು) ಯುಕುಲೆಲೆ ಕೊಡಿಸಬೇಕು ಅಂತಿದ್ದೇನೆ. ಎರಡು ಇಷ್ಟವಾಗಿವೆ, ಬೆಲೆ ಹೆಚ್ಚುಕಮ್ಮಿ ಒಂದೇ. ಒಂದಕ್ಕೆ ಮಾಮೂಲಿ ನಟ್, ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳಿರುವ ಸಣ್ಣ ಪಟ್ಟಿ. ಇನ್ನೊಂದರಲ್ಲಿ ನಟ್‌ಗೆ ಅಂಟಿಕೊಂಡ ಹಾಗೆ ಒಂದು ಫ್ರೆಟ್ (ಬೆರಳು ಒತ್ತುವ ಕಡೆ ಅಡ್ಡಕ್ಕೆ ಕೂರಿಸಿದ ಸಣ್ಣ ಕಂಬಿ) ಜಾಸ್ತಿ ಇದೆ, ಅದನ್ನು ಝೀರೋ ಫ್ರೆಟ್ ಅಂತಾರಂತೆ. ಅಂಗಡಿಯವರು "ಅಗ್ಗದ ಮಾಲಿಗೆ ಹಾಕೋದು ಅದು" ಅಂದರು. ವಿಡಿಯೋಗಳಲ್ಲಿ ಅದೇ ಒಳ್ಳೆಯದು ಅಂತಾರೆ. ನಮ್ಮ ಊರಿನಲ್ಲಿ ಗಿಟಾರ್ ರಿಪೇರಿ ಮಾಡುವವರು ಯಾರೂ ಇಲ್ಲ. ಎರಡನ್ನೂ ಬಳಸಿದವರು ದಯವಿಟ್ಟು ಹೇಳಿ.

ತಂತಿವಾದ್ಯ ರಿಪೇರಿ ಮಾಡುವವರು

ಸರ್, ನಿಮ್ಮ ಊರಿನಲ್ಲಿ ರಿಪೇರಿಯವರಿಲ್ಲ ಅಂದಿರಲ್ಲ, ಅಲ್ಲಿಗೆ ಉತ್ತರ ಸಿಕ್ಕಿತು. ಝೀರೋ ಫ್ರೆಟ್ ತಗೊಳ್ಳಿ.

ಮಾಮೂಲಿ ನಟ್‌ಗೆ ಎರಡು ಕೆಲಸ. ತಂತಿಗಳ ನಡುವಿನ ಅಂತರ ಕಾಯಬೇಕು, ತಂತಿ ಎಷ್ಟು ಎತ್ತರದಲ್ಲಿ ಕೂರಬೇಕು ಅನ್ನುವುದನ್ನೂ ಅದೇ ನೋಡಿಕೊಳ್ಳಬೇಕು. ಝೀರೋ ಫ್ರೆಟ್ ಇದ್ದರೆ ಎತ್ತರದ ಕೆಲಸ ಅದರ ಪಾಲಿಗೆ. ಹಿಂದಿನ ನಟ್ ತಂತಿ ಅತ್ತಿತ್ತ ಸರಿಯದಂತೆ ಹಿಡಿದುಕೊಂಡರೆ ಸಾಕು.

ಕಡಿಮೆ ಬೆಲೆಯ ವಾದ್ಯಗಳಲ್ಲಿ ನಟ್‌ನ ಕಚ್ಚುಗಳು ಮೇಲೆಯೇ ಉಳಿದಿರುವುದು ಜಾಸ್ತಿ. ಒಂದೊಂದು ಕಚ್ಚನ್ನೂ ಅರ ಹಿಡಿದು ಹದಕ್ಕೆ ಇಳಿಸುವಷ್ಟು ಹೊತ್ತು ಯಾರಿಗಿದೆ? ಆಳ ಹೆಚ್ಚಾಗಿ ತಂತಿ ಬಝ್ ಆದರೆ, ಅಂದರೆ ಫ್ರೆಟ್‌ಗೆ ತಾಗಿ ಝರ್ ಅಂದರೆ, ಗಿರಾಕಿ ವಾಪಸ್ ಕಳಿಸುತ್ತಾನೆ. ಮೇಲಿದ್ದರೆ "ಬೆರಳು ನೋಯ್ತಿದೆ, ಅಭ್ಯಾಸ ಆಗಬೇಕೇನೋ" ಅಂದುಕೊಂಡು ಸುಮ್ನಿರುತ್ತಾನೆ. ನನ್ನ ಹತ್ತಿರ ಬರುವ ಹೊಸ ಯುಕುಲೆಲೆಗಳಿಗೆ ನಾನು ಮೊದಲು ಮಾಡುವ ಕೆಲಸವೇ ನಟ್ ಇಳಿಸುವುದು.

ತಂತಿ ಮೇಲಿದ್ದಷ್ಟೂ ಒತ್ತಿದಾಗ ಜಾಸ್ತಿ ಎಳೆಯುತ್ತದೆ, ಶ್ರುತಿ ಏರುತ್ತದೆ. ಗಿಟಾರಿನಲ್ಲಿ ನಟ್‌ನಿಂದ ಮೊದಲ ಫ್ರೆಟ್‌ಗೆ ಸುಮಾರು 36 ಮಿಲಿಮೀಟರ್ ಜಾಗ ಇರುತ್ತದೆ. ಕಾನ್ಸರ್ಟ್ ಯುಕುಲೆಲೆಯಲ್ಲಿ 21ರ ಆಸುಪಾಸು, ಸೊಪ್ರಾನೊದಲ್ಲಿ ಇನ್ನೂ ಕಡಿಮೆ. ಅದಕ್ಕೇ ಗಿಟಾರಿನಲ್ಲಿ ಹೇಗೋ ನಡೆದುಹೋಗುವ ತಪ್ಪು ಇಲ್ಲಿ ಕಿವಿಗೆ ಹೊಡೆಯುತ್ತದೆ.

ಇನ್ನು ಆ "ಅಗ್ಗದ ಮಾಲು" ಮಾತು. 1932ರಲ್ಲಿ ಪ್ಯಾರಿಸ್‌ನ ಸೆಲ್ಮರ್ ಕಂಪನಿಗಾಗಿ ಮಾರಿಯೊ ಮಕಾಫೆರಿ ರೂಪಿಸಿದ ಗಿಟಾರುಗಳಿಗೂ ಝೀರೋ ಫ್ರೆಟ್ ಇತ್ತು. ಹೆಸರಾಂತ ಜಾಝ್ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ನುಡಿಸಿದ್ದು ಆ ಸೆಲ್ಮರ್ ಗಿಟಾರುಗಳನ್ನೇ. ಇದನ್ನು ಅಂಗಡಿಯವರಿಗೆ ಹೇಳಲು ಹೋಗಬೇಡಿ, ಸುಮ್ನೆ ವಾದ ಬೆಳೆಯುತ್ತದೆ.

ಮಕ್ಕಳಿಗೆ ಪಾಠ ಹೇಳುವವರು

ಮೇಲಿನ ಮಾತು ನೂರಕ್ಕೆ ನೂರು ನಿಜ. ಹೊಸ ಮಕ್ಕಳಿಗೆ ಮೊದಲು ಸಿ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹೇಳಿಕೊಡುತ್ತೇನೆ. ಅದರಲ್ಲಿ ಒತ್ತುವುದು ಎ ತಂತಿಯ ಮೂರನೇ ಫ್ರೆಟ್ ಒಂದೇ, ಚೆನ್ನಾಗಿಯೇ ಕೇಳುತ್ತದೆ. ಆಮೇಲೆ ಎಫ್ ಬರುತ್ತದೆ. ಇ ತಂತಿಯ ಮೊದಲ ಫ್ರೆಟ್ ಒತ್ತಬೇಕು. ನಟ್ ಮೇಲಿದ್ದರೆ ಅಲ್ಲಿಯೇ ಎಡವಟ್ಟು. ಟ್ಯೂನರ್‌ನಲ್ಲಿ ನಾಲ್ಕೂ ತಂತಿ ಸರಿ ತೋರಿಸುತ್ತವೆ, ಎಫ್ ಮಾತ್ರ ಹುಳಿ ಹುಳಿ. ಮಗು ತನ್ನದೇ ತಪ್ಪು ಅಂದುಕೊಂಡು ಇನ್ನೂ ಗಟ್ಟಿಯಾಗಿ ಒತ್ತುತ್ತದೆ, ಶ್ರುತಿ ಇನ್ನೂ ಏರುತ್ತದೆ. ಜಿ ಸೆವೆನ್‌ಗೂ ಇದೇ ಕತೆ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಫೋನಿನಲ್ಲಿ ಟ್ಯೂನರ್ ಇಟ್ಟುಕೊಂಡು ಇ ತಂತಿ ಸರಿಮಾಡಿ, ಮೊದಲ ಫ್ರೆಟ್ ಹಗುರವಾಗಿ ಒತ್ತಿ ಮೀಟಿ. ಮುಳ್ಳು ಬಲಕ್ಕೆ ಚೆನ್ನಾಗಿ ಓಡಿದರೆ ಆ ಪೀಸ್ ಬೇಡ.

ಅಮೆರಿಕದಲ್ಲಿರುವ ಕನ್ನಡಿಗರು

ನನ್ನ ಹತ್ತಿರ ಮ್ಯಾಜಿಕ್ ಫ್ಲೂಕ್ ಕಂಪನಿಯ ಫ್ಲೀ ಅನ್ನುವ ಯುಕುಲೆಲೆ ಇದೆ, ಝೀರೋ ಫ್ರೆಟ್‌ನದು. ಮೊದಲ ಫ್ರೆಟ್‌ನಲ್ಲಿ ಒತ್ತುವುದು ತುಂಬಾ ಸುಲಭ. ತಂತಿಯನ್ನು ಖಾಲಿ ಮೀಟಿದಾಗಲೂ ಒತ್ತಿ ಮೀಟಿದಾಗಲೂ ನಾದ ಒಂದೇ ತರಹ ಇರುತ್ತದೆ, ಯಾಕೆಂದರೆ ಎರಡೂ ಸಲ ತಂತಿ ಫ್ರೆಟ್ ಮೇಲೇ ನಿಂತಿರುತ್ತದೆ. ಒಂದು ಎಚ್ಚರಿಕೆ: ಇದರ ಮಾಮೂಲಿ ಮಾದರಿಯಲ್ಲಿ ಫ್ರೆಟ್‌ಗಳೂ ಪ್ಲಾಸ್ಟಿಕ್ಕೇ. ಲೋಹ ಸುತ್ತಿದ ತಂತಿ ಹಾಕಿದರೆ ಸವೆಯುತ್ತವೆ.

ಟೆನರ್ ನುಡಿಸುವವರು

ಎಲ್ಲರೂ ಒಂದೇ ಕಡೆ ವಾಲಿದ್ದೀರಿ, ನಾನು ನಟ್ ಪರ. ಅರ ಹಿಡಿಯಲು ಬರುವವರು ಹದ ಮಾಡಿದ ನಟ್‌ಗೆ ಯಾವ ಝೀರೋ ಫ್ರೆಟ್ಟೂ ಬೇಕಿಲ್ಲ. ಒಂದೊಂದು ತಂತಿಗೆ ಒಂದೊಂದು ಎತ್ತರ ಇಡಬಹುದು. ನಾನು ದಪ್ಪನೆಯ ಲೋ ಜಿ (ಮಾಮೂಲಿಗಿಂತ ಒಂದು ಸ್ಥಾಯಿ ಕೆಳಗಿನ ಜಿ) ತಂತಿ ಹಾಕುತ್ತೇನೆ, ಅದು ಜಾಸ್ತಿ ಅದುರುತ್ತದೆ, ಕೂದಲೆಳೆಯಷ್ಟು ಮೇಲಿದ್ದರೆ ಒಳ್ಳೆಯದು. ಕಚ್ಚು ಆಳವಾದರೂ ಗಾಬರಿ ಬೇಡ. ಚಿಟಿಕೆ ಅಡುಗೆ ಸೋಡಾ ತುಂಬಿ ಒಂದು ಹನಿ ಫೆವಿಕ್ವಿಕ್ ಬಿಟ್ಟರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಮತ್ತೆ ಕೊರೆಯಬಹುದು. ಝೀರೋ ಫ್ರೆಟ್ ಸರಿಯಾಗಿ ಕೂತಿರದಿದ್ದರೆ ಅಥವಾ ತಂತಿ ಅಲ್ಲಿಂದ ಬಿರಡೆ ಕಡೆಗೆ ಸಾಕಷ್ಟು ಇಳಿಜಾರಾಗಿ ಹೋಗದಿದ್ದರೆ ಖಾಲಿ ತಂತಿಯೇ ಬಝ್ ಆಗುತ್ತದೆ. ಅದನ್ನು ಮನೆಯಲ್ಲಿ ಸರಿಮಾಡುವುದು ಕಷ್ಟ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಆ ಫ್ರೆಟ್ ಮೇಲೆ ಸದಾ ತಂತಿ ಕೂತಿರುತ್ತದಲ್ಲ, ಬೇಗ ಸವೆಯಲ್ವಾ? ಟ್ಯೂನರ್ ಪರೀಕ್ಷೆ ಬಿಟ್ಟು ಇನ್ನೇನು ನೋಡಬೇಕು?

ತಂತಿವಾದ್ಯ ರಿಪೇರಿ ಮಾಡುವವರು

ಸ್ಟೀಲ್ ತಂತಿಯ ಗಿಟಾರಿನಲ್ಲಿ ಆ ಚಿಂತೆ ಇದೆ. ನೈಲಾನ್, ಫ್ಲೋರೋಕಾರ್ಬನ್ ತಂತಿಗಳು ಲೋಹದ ಫ್ರೆಟ್ ಅನ್ನು ಅಷ್ಟು ಬೇಗ ತಿನ್ನುವುದಿಲ್ಲ. ಸವೆದರೂ ಬೇರೆ ಫ್ರೆಟ್‌ಗಳ ಹಾಗೆ ಅದನ್ನೂ ಬದಲಾಯಿಸಬಹುದು.

ನಟ್‌ನದನ್ನೇ ತಗೊಳ್ಳುವುದಾದರೆ, ತಂತಿಯನ್ನು ಎರಡು ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿ ಹಿಡಿದು ಬೆಳಕಿಗೆ ತಿರುಗಿಸಿ. ಮೊದಲ ಫ್ರೆಟ್ ಮೇಲೆ ಕಂಡೂ ಕಾಣದಷ್ಟು ಸಂದು ಇರಬೇಕು. ಸಂದು ಎದ್ದು ಕಂಡರೆ ನಟ್ ಮೇಲಿದೆ ಅಂತ ಅರ್ಥ.

ಮತ್ತೆ, ಝೀರೋ ಫ್ರೆಟ್ ಇದೆ ಅಂತ ಹನ್ನೆರಡನೇ ಫ್ರೆಟ್ ನೋಡದೆ ಬರಬೇಡಿ. ಅಲ್ಲಿ ತಂತಿ 3 ಮಿಲಿಮೀಟರ್‌ಗಿಂತ ಮೇಲಿದ್ದರೆ ಅದು ಸ್ಯಾಡಲ್‌ನ, ಅಂದರೆ ವಾದ್ಯದ ಹೊಟ್ಟೆಯ ಕಡೆ ತಂತಿ ಹಾದುಹೋಗುವ ಪಟ್ಟಿಯ, ಸಮಸ್ಯೆ. ಸ್ಯಾಡಲ್ ಹೊರಗೆ ತೆಗೆಯಲು ಬರುವಂಥದ್ದಾದರೆ ಅದರ ತಳವನ್ನು ಸ್ಯಾಂಡ್‌ಪೇಪರ್ ಮೇಲೆ ಸಮನಾಗಿ ಉಜ್ಜಿ ಇಳಿಸಬಹುದು. 1 ಮಿಲಿಮೀಟರ್ ಉಜ್ಜಿದರೆ ಹನ್ನೆರಡನೇ ಫ್ರೆಟ್‌ನಲ್ಲಿ ಅರ್ಧ ಮಿಲಿಮೀಟರ್ ಇಳಿಯುತ್ತದೆ. ಇದನ್ನು ನೀವೇ ಮನೆಯಲ್ಲಿ ಮಾಡಿಕೊಳ್ಳಬಹುದು.