ಅಪ್‌ಡೇಟ್: ದೇವರ ಸಮಯಕ್ಕೆ ಕಾಯುವಾಗ ಬೇರೆ ಕಡೆ ಅರ್ಜಿ ಹಾಕಬಹುದಾ?

ಒಂದು ಕೆಲಸಕ್ಕಾಗಿ ಪ್ರಾರ್ಥಿಸಿ ಕಾಯುತ್ತಿದ್ದೇನೆ, ಮಧ್ಯೆ ಬೇರೆ ಕಡೆ ಅರ್ಜಿ ಹಾಕಿದರೆ ಅದು ಅವಿಶ್ವಾಸವಾ ಅಂತ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಆ ಕೆಲಸ ಇನ್ನೂ ಸಿಕ್ಕಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬೈಬಲ್‌ನಲ್ಲಿರುವ ಯೋಸೇಫನ ಕಥೆ ಮತ್ತೆ ಓದಿ ಅಂತ ಒಬ್ಬರು ಹೇಳಿದ್ದರು. ಓದಿದೆ. ಕಥೆ ಶುರುವಾಗುವಾಗ ಅವನಿಗೆ 17 ವರ್ಷ. ಈಜಿಪ್ಟಿನ ರಾಜ ಫರೋಹನ ಮುಂದೆ ನಿಲ್ಲುವಾಗ 30. ನಡುವೆ ಗುಲಾಮಗಿರಿ, ಸುಳ್ಳು ಆರೋಪ, ಸೆರೆಮನೆ. ನನ್ನನ್ನು ತಡೆದು ನಿಲ್ಲಿಸಿದ್ದು ಬೈಬಲ್‌ನ ಮೊದಲ ಪುಸ್ತಕವಾದ ಆದಿಕಾಂಡದ 40ನೇ ಅಧ್ಯಾಯ. ಸೆರೆಯಿಂದ ಬಿಡುಗಡೆಯಾಗಲಿದ್ದ ಪಾನದಾಯಕನ (ರಾಜನಿಗೆ ದ್ರಾಕ್ಷಾರಸ ಕೊಡುವ ಸೇವಕನ) ಹತ್ತಿರ ಯೋಸೇಫ, ಫರೋಹನಿಗೆ ನನ್ನ ವಿಷಯ ಹೇಳು ಅಂತ ಕೇಳಿಕೊಳ್ಳುತ್ತಾನೆ. ಅಂದರೆ ಶಿಫಾರಸು ಕೇಳಿದ! ಆತ ಮರೆತೇಬಿಟ್ಟ, ಮತ್ತೆ ಎರಡು ವರ್ಷ ಹೋಯಿತು. ಇದನ್ನು ಯೋಸೇಫನ ಅವಿಶ್ವಾಸ ಅನ್ನುವವರೂ ಇದ್ದಾರೆ. ಆದರೆ ದೇವರು ಅವನನ್ನು ಗದರಿಸಿದ್ದು ಅಲ್ಲಿ ಎಲ್ಲೂ ಇಲ್ಲ, ಅಲ್ವಾ?

ಅಬ್ರಹಾಮನ ಉದಾಹರಣೆಯನ್ನೂ ಕೆಲವರು ಕೊಟ್ಟಿದ್ದರು. ಊರು ಬಿಟ್ಟು ಹೊರಟಾಗ 75, ದೇವರು ಮಾತುಕೊಟ್ಟ ಮಗ ಇಸಾಕ ಹುಟ್ಟುವಾಗ 100. ನಡುವೆ ಅವನೂ ಹೆಂಡತಿ ಸಾರಳೂ ಅವಸರಪಟ್ಟು, ಮಗುವಿಗಾಗಿ ದಾಸಿ ಹಾಗರಳ ಬದುಕನ್ನು ಬಳಸಿಕೊಂಡರು, ಮನೆಯಲ್ಲಿ ಜಗಳವಾಯಿತು. ಅರ್ಜಿ ಹಾಕುವುದು ಆ ಸಾಲಿಗೆ ಸೇರುವುದಿಲ್ಲ ಅಂತ ನನ್ನ ಅನಿಸಿಕೆ.

"ದೇವರ ಸಮಯ ಬರುತ್ತೆ ಬಿಡಮ್ಮ" ಅಂತ ಸುಮ್ನೆ ಹೇಳಿ ಹೋಗುವವರ ಮೇಲೆ ಈಗಲೂ ಸಿಟ್ಟು ಬರುತ್ತದೆ. ಬೈಬಲ್‌ನ 13ನೇ ಕೀರ್ತನೆಯಲ್ಲಿ ರಾಜ ದಾವೀದನೇ 'ಇನ್ನೆಷ್ಟು ಕಾಲ' ಅಂತ ಮತ್ತೆ ಮತ್ತೆ ಕೇಳುತ್ತಾನೆ. ನಾನೂ ಪ್ರಾರ್ಥನೆಯಲ್ಲಿ ಹಾಗೇ ಕೇಳುತ್ತಿದ್ದೇನೆ. ಬೇರೆ ಕಡೆಗೂ ಅರ್ಜಿ ಕಳಿಸಿದ್ದೇನೆ. ಒಂದು ಕಡೆಯಿಂದ ಇಂಟರ್‌ವ್ಯೂಗೆ ಕರೆದಿದ್ದಾರೆ, ದಿನ ಇನ್ನೂ ತಿಳಿಸಿಲ್ಲ. ಪ್ರಾರ್ಥಿಸಿ.