ನಾನು 'ಪ್ರತಿಕೂಲ ಸಾಕ್ಷಿ'ಯಾದದ್ದು ಹೇಗೆ?

ಪಂಕ್ಚರ್ ಅಂಗಡಿಯವನು:
ಠಾಣೆಯ ಎದುರೇ ನನ್ನ ಅಂಗಡಿ. ಪಂಚರು, ಅಂದರೆ ಮಹಜರಿಗೆ ಸಹಿ ಹಾಕುವ ಸಾಕ್ಷಿಗಳು, ಬೇಕಾದಾಗಲೆಲ್ಲ ಪೊಲೀಸರ ಕಣ್ಣಿಗೆ ಮೊದಲು ಬೀಳುವವನು ನಾನೇ. ನಾಲ್ಕು ವರ್ಷಗಳ ಹಿಂದೆ ಬೋರ್‌ವೆಲ್ ಕೇಬಲ್ ಕಳವಿನ ಮಹಜರಿಗೆ ಓದದೆ ಸಹಿ ಹಾಕಿದ್ದೆ. ಕೈಗೆ ಗ್ರೀಸ್ ಮೆತ್ತಿತ್ತು. ಮೊನ್ನೆ ಕಟಕಟೆಯಲ್ಲಿ ಆ ಕಾಗದ ತೋರಿಸಿದರು, ಅಂಚಿನಲ್ಲಿ ನನ್ನ ಹೆಬ್ಬೆರಳಿನ ಕಲೆ ಹಾಗೆಯೇ ಇತ್ತು. "ಸಹಿ ನನ್ನದೇ. ಆದರೆ ಕೇಬಲ್ ಹೊಲದಲ್ಲಿ ಸಿಕ್ಕಿದ್ದನ್ನು ನೋಡಿಲ್ಲ, ಠಾಣೆಯ ಮೇಜಿನ ಮೇಲೆ ನೋಡಿದೆ" ಎಂದೆ. ಸರ್ಕಾರಿ ವಕೀಲರು ತಟ್ಟನೆ ಎದ್ದು ನನ್ನನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಲು ಕೋರಿದರು. ಆಮೇಲೆ ನಾನು ಆರೋಪಿಯೊಂದಿಗೆ ಶಾಮೀಲಂತೆ! ಅವನ ಮುಖ ಕಂಡದ್ದೇ ಅಂದು. ಊಟ ಬಡಿಸುವಾಗಲೂ ಹೆಂಡತಿಗೆ ಒಂದೇ ಚಿಂತೆ, ನನ್ನನ್ನು ಜೈಲಿಗೆ ಹಾಕುತ್ತಾರೆಯೇ ಎಂದು.

ಉತ್ತರ 1:
ಸುಳ್ಳುಸಾಕ್ಷ್ಯಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಹುಷಾರು.

ನಿವೃತ್ತ ಬೆರಳಚ್ಚುಗಾರ:
ಹೆದರಿಸಬೇಡಿ ಸ್ವಾಮಿ. ಮೂವತ್ತು ವರ್ಷ ಸಾಕ್ಷಿಗಳ ಮಾತನ್ನು ಬೆರಳಚ್ಚು ಮಾಡಿದವನು ನಾನು. 1872ರ ಸಾಕ್ಷ್ಯ ಅಧಿನಿಯಮದ 154ನೇ ಕಲಮಿನಲ್ಲಿ 'ಪ್ರತಿಕೂಲ' ಎಂಬ ಪದವೇ ಇರಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಅಧಿನಿಯಮದ 157ರಲ್ಲೂ ಇಲ್ಲ. ಸಾಮಾನ್ಯವಾಗಿ ತಾವೇ ಕರೆಸಿದ ಸಾಕ್ಷಿಯ ಬಾಯಿಗೆ ಉತ್ತರವಿಟ್ಟು ಪ್ರಶ್ನೆ ಕೇಳುವಂತಿಲ್ಲ. ನ್ಯಾಯಾಲಯ ಅನುಮತಿ ಕೊಟ್ಟರೆ ಎದುರಾಳಿಯಂತೆ ಪಾಟೀಸವಾಲು ಮಾಡಬಹುದು. ಆ ಅನುಮತಿಗೆ ಕೋರ್ಟಿನ ಬಾಯಲ್ಲಿ ಬಿದ್ದಿರುವ ಹೆಸರು ಇದು, ನಿಮ್ಮ ಮೇಲಿನ ಆರೋಪವಲ್ಲ.

ಆ ಶಾಮೀಲು ಪ್ರಶ್ನೆಯನ್ನು ಎಷ್ಟು ಸಲ ಹೊಡೆದಿದ್ದೇನೋ! "ಆರೋಪಿಗೆ ಸಹಾಯ ಮಾಡಲು ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಕೊನೆಯ ಎರಡು ಪದಗಳು ನನ್ನ ಬೆರಳುಗಳಿಗೆ ಬಾಯಿಪಾಠ. ನಿಮ್ಮ ಸಾಕ್ಷ್ಯದ ನಕಲಿಗೆ ಅರ್ಜಿ ಹಾಕಿ ನೋಡಿ, ನಿಮ್ಮದೂ ಹಾಗೆಯೇ ಮುಗಿದಿರುತ್ತದೆ.

ಸುಳ್ಳುಸಾಕ್ಷ್ಯದ ಕ್ರಮವೇ ಬೇರೆ, ನ್ಯಾಯಾಲಯ ಅದಕ್ಕೆ ಪ್ರತ್ಯೇಕವಾಗಿ ಮುಂದಾಗಬೇಕು. ನಿಮ್ಮ ಮಾತೂ ಪೂರ್ತಿ ಕಸದ ಬುಟ್ಟಿಗೆ ಹೋಗುವುದಿಲ್ಲ, ನಂಬಲು ಯೋಗ್ಯವಾದ ಭಾಗವನ್ನು ನ್ಯಾಯಾಧೀಶರು ಉಳಿಸಿಕೊಳ್ಳಬಹುದು. ಸತ್ ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ.

ಓದದೆ ಸಹಿ ಹಾಕಿದ್ದು ಮಾತ್ರ ತಪ್ಪು. ಬೈಸಿಕೊಳ್ಳಿ.

ಪಂಕ್ಚರ್ ಅಂಗಡಿಯವನು:
ಬೈಸಿಕೊಂಡೆ. ನಕಲು ಸಿಕ್ಕಿತು, 'ಎಂದರೆ ಸರಿಯಲ್ಲ' ಎಂದೇ ಮುಗಿದಿದೆ. ಹೆಂಡತಿಗೆ ಎರಡು ಸಲ ಓದಿ ಹೇಳಿದೆ. ನಿನ್ನೆ ಸಂಜೆ ಪೇದೆಯೊಬ್ಬರು ಮತ್ತೊಂದು ಮಹಜರಿಗೆ ಕರೆಯಲು ಬಂದರು. ನೀರಿನಲ್ಲಿ ಟ್ಯೂಬ್ ಅದ್ದಿ ಗುಳ್ಳೆ ನೋಡುತ್ತಿದ್ದೆ. "ಕೈ ತೊಳೆದು ಕನ್ನಡಕ ತರುತ್ತೇನೆ ಸಾರ್, ಪೂರ್ತಿ ಓದಬೇಕು" ಎಂದೆ. ಪಕ್ಕದ ಚಹಾ ಅಂಗಡಿಯವನನ್ನು ಕರೆದುಕೊಂಡು ಹೋದರು.