ಅಪ್‌ಡೇಟ್: ತೂಕದ ಯಂತ್ರ ಕೊನೆಗೂ ಮಾತಾಡಿತು
ಉಡುಪಿಯ ನಮ್ಮ ತರಕಾರಿ ಅಂಗಡಿಯ ಯುಎಸ್‌ಬಿ ತೂಕದ ಯಂತ್ರ ಉಬುಂಟು 22.04 (ಲಿನಕ್ಸ್) ಕಂಪ್ಯೂಟರಿನಲ್ಲಿ ಓದಲು ಸಿಗುತ್ತಿಲ್ಲ ಅಂತ ಕೇಳಿದ್ದೆನಲ್ಲ, ಈಗ ಸರಿಯಾಗಿದೆ.

ಕೇಬಲ್ ಬದಲಿಸಿ ಅಂದವರೇ ಜಾಸ್ತಿ. ಆದರೆ ಎಲ್‌ಎಸ್‌ಯುಎಸ್‌ಬಿ (ಜೋಡಿಸಿದ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟರೆ ಯಂತ್ರದೊಳಗಿನ ಯುಎಸ್‌ಬಿ ಸಂಪರ್ಕದ ಸಿಎಚ್‌340 ಚಿಪ್ 1ಎ86:7523 ಅನ್ನೋ ಐಡಿಯಲ್ಲಿ ಚೆನ್ನಾಗೇ ಕಾಣುತ್ತಿತ್ತು. ಸಿಸ್ಟಮ್ ಬರೆದಿಡುವ ಕರ್ನಲ್ ಲಾಗ್ ನೋಡಿದೆ. ಯಂತ್ರದ ಪೋರ್ಟ್ ಟಿಟಿವೈಯುಎಸ್‌ಬಿ0 ಬರುತ್ತದೆ, ಮರುಕ್ಷಣವೇ ಬಿಆರ್‌ಎಲ್‌ಟಿಟಿವೈ ಅನ್ನೋ ಪ್ರೋಗ್ರಾಂ ಅದನ್ನು ಕಿತ್ತುಕೊಳ್ಳುತ್ತದೆ! ಇದು ಬ್ರೈಲ್ ಸಾಧನಗಳಿಗೆ ಇರುವ ತಂತ್ರಾಂಶ. ಬ್ರೈಲ್ ಸಾಧನವೊಂದಕ್ಕೂ ಇದೇ ಐಡಿ ಇದೆಯಂತೆ. ಪಾಪ, ನಮ್ಮ ತಕ್ಕಡಿಯನ್ನೂ ಅದೇ ಅಂದುಕೊಂಡಿದೆ.

ಅಂಗಡಿಯಲ್ಲಿ ಬಿಆರ್‌ಎಲ್‌ಟಿಟಿವೈ ಯಾರಿಗೂ ಬೇಕಿರಲಿಲ್ಲ, ಅದರ ಪ್ಯಾಕೇಜ್ ತೆಗೆದೆ. ಬ್ರೈಲ್ ಬಳಸುವವರಿದ್ದರೆ ಸುಮ್ನೆ ತೆಗೆಯಬೇಡಿ, ಅದರ ಯುಡೆವ್ ರೂಲ್‌ನಲ್ಲಿ (ಯಾವ ಸಾಧನ ಬಂದರೆ ಏನು ಮಾಡಬೇಕು ಅಂತ ಹೇಳುವ ಫೈಲ್) ಆ ಐಡಿಯ ಸಾಲಿನ ಮುಂದೆ # ಹಾಕಿ ನಿಷ್ಕ್ರಿಯ ಮಾಡಿದರೆ ಸಾಕು. ಆಮೇಲೆ ಪೋರ್ಟ್ ಓದಲು ಪರ್ಮಿಷನ್ ಇಲ್ಲ ಅಂತು. ಯೂಸರನ್ನು ಇಂಥ ಪೋರ್ಟ್ ಬಳಸಲು ಅನುಮತಿ ಇರುವ ಡಯಲೌಟ್ ಗ್ರೂಪಿಗೆ ಸೇರಿಸಿ ಲಾಗೌಟ್ ಮಾಡಿ ಬಂದೆ. ಈಗ ಮಟ್ಟುಗುಳ್ಳ (ನಮ್ಮೂರ ಬದನೆ) ಇಟ್ಟರೆ ತೂಕ ನೇರ ಬಿಲ್ಲಿಗೆ.